ಅಂಗಡಿಯಲ್ಲಿ ಕ್ರೈಸ್ತ ನಾನೊಬ್ಬನೇ. ನಂಬಿಕೆಯನ್ನು ತೋರಿಸಬೇಕಾ, ಮುಚ್ಚಿಡಬೇಕಾ?

ಪ್ರಶ್ನೆ: ಮಾಸ್ಟ್ರೇ, ನಾನು ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಬೇಳದ ಹತ್ತಿರ. ಅಂಗಡಿಯಲ್ಲಿ ಒಂಬತ್ತು ಜನ ಇದ್ದೇವೆ, ಕ್ರೈಸ್ತ ನಾನೊಬ್ಬನೇ. ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ಧ್ಯಾನಕೂಟದಲ್ಲಿ ಫಾದರ್ ಒಬ್ಬರು "ಕೆಲಸದ ಜಾಗದಲ್ಲಿ ಸಾಕ್ಷಿಯಾಗಿ" ಅಂದರು. ಅದು ಮನಸ್ಸಿಗೆ ತಾಗಿತು. ಮೇಜಿನ ಮೇಲೆ ಸಣ್ಣ ಶಿಲುಬೆ ಇಟ್ಟೆ. ಅಂಗಡಿಯ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಒಂದು ವಚನ ಹಾಕತೊಡಗಿದೆ. ಒಬ್ಬರು "ಏನು, ಇಲ್ಲಿ ಮತಾಂತರ ಶುರುವಾಯ್ತಾ?" ಅಂತ ಬರೆದರು. ದಣಿಗಳು ಕರೆದು ನಿಲ್ಲಿಸಲು ಹೇಳಿದರು. ದೀಪಾವಳಿಗೆ ಅಂಗಡಿ ಪೂಜೆ ಬರುತ್ತದೆ, ಹೋದ ವರ್ಷ ನನ್ನ ಕೈಗೂ ಆರತಿ ಕೊಟ್ಟಿದ್ದರು. ಏನು ಮಾಡಬೇಕೆಂದು ತಿಳಿಯದೆ ಎತ್ತಿಬಿಟ್ಟೆ, ಆಮೇಲೆ ನಿದ್ದೆ ಬರಲಿಲ್ಲ. ನಾನು ಹೆದರಿ ಸುಮ್ನಿರಬೇಕಾ, ಧೈರ್ಯ ಮಾಡಿ ಮುಂದುವರಿಸಬೇಕಾ? ಇನ್ನೊಂದು ಸಣ್ಣ ವಿಷಯ. ಗೋಣಿಯ ತೂಕ ಅಂತ ನಾವು ಸ್ವಲ್ಪ ಜಾಸ್ತಿ ಕಳೆಯುತ್ತೇವೆ, ಬಿಲ್ ಬರೆಯುವವನು ನಾನು.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ವಿಷಯ ಉಂಟು. ಶಿಲುಬೆ, ವಾಟ್ಸಾಪ್, ಪೂಜೆ, ಗೋಣಿ. ಮೊದಲ ಮೂರನ್ನು ಬಿಡಿಸಿ ಬರೆದಿದ್ದೀರಿ. ಗೋಣಿಯದ್ದು ಕೊನೆಯಲ್ಲಿ ಎರಡೇ ಸಾಲು, ಅದೂ "ಸಣ್ಣ ವಿಷಯ" ಅಂತ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಜೊತೆ ಕೆಲಸ ಮಾಡುವ ಎಂಟು ಜನ ನಿಮ್ಮ ನಂಬಿಕೆಯನ್ನು ನೋಡುವುದು ಆ ಬಿಲ್ ಪುಸ್ತಕದಲ್ಲೇ.

ರೈತ ಜೀಪಿನಲ್ಲೋ ಆಟೋದಲ್ಲೋ ಅಡಿಕೆ ತರುತ್ತಾನೆ. ದಣಿಗಳು ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಒಂದೆರಡನ್ನು ತುಂಡು ಮಾಡಿ ಒಳಗಿನ ಬಣ್ಣ ನೋಡುತ್ತಾರೆ. ಇದು ಹೊಸತು, ಇದು ಚೋಲು, ಇದು ಪಟೋರ, ಇದು ಕರಿಗೋಟು ಅಂತ ದರ್ಜೆ ಬೇರೆ ಮಾಡುತ್ತಾರೆ. ಅಷ್ಟೂ ಹೊತ್ತು ರೈತ ಅಡಿಕೆ ನೋಡುವುದಿಲ್ಲ, ದಣಿಗಳ ಮುಖ ನೋಡುತ್ತಾನೆ. ಆಮೇಲೆ ತೂಕ. ಎಲೆಕ್ಟ್ರಾನಿಕ್ ತಕ್ಕಡಿಗೆ ಲೀಗಲ್ ಮೆಟ್ರಾಲಜಿಯವರ ಮುದ್ರೆ ಇರುತ್ತದೆ, ಕೆಂಪು ಅಂಕಿ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಮೋಸ ಇಲ್ಲ. ನಂತರ "ಗೋಣಿ ಕಳೀರಿ" ಅಂತ ಒಂದು ಮಾತು ಬರುತ್ತದೆ. ನೀವು ಪೆನ್ನು ಎತ್ತುತ್ತೀರಿ. ಮೆಷಿನು ಸರಿ ಉಂಟು, ಕೆಲಸ ನಡೆಯುವುದು ಪೆನ್ನಿನಲ್ಲಿ.

ಸ್ವಲ್ಪ ಲೆಕ್ಕ ಹಾಕಿ. ಕಿಲೋಗೆ 400 ರೂಪಾಯಿ ಅಂತ ಹಿಡಿಯಿರಿ. ಗೋಣಿಗೆ ಅರ್ಧ ಕಿಲೋ ಜಾಸ್ತಿ ಕಳೆದರೆ 200 ರೂಪಾಯಿ. ಹತ್ತು ಗೋಣಿ ತಂದವನಿಗೆ 2000 ರೂಪಾಯಿ ಹೋಯಿತು. ಅವನು ಎನ್ಮಕಜೆ ಕಡೆಯ ಗುಡ್ಡದಲ್ಲಿ ಎರಡು ಎಕರೆ ತೋಟ ಇಟ್ಟುಕೊಂಡವನು ಅಂತಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತಿದವರ ಕೂಲಿಗೂ ಆ ದುಡ್ಡು ಬೇಕಾಗಿತ್ತು.

ಬೈಬಲು ಈ ವಿಷಯದಲ್ಲಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅಂತ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುತ್ತದೆ ಜ್ಞಾನೋಕ್ತಿ 11ರ ಮೊದಲ ವಾಕ್ಯ. ನೀವು ಗ್ರೂಪಿಗೆ ಹಾಕಿದ ವಚನಗಳಲ್ಲಿ ಇವು ಇದ್ದವಾ? ಇರಲಿಕ್ಕಿಲ್ಲ. ನಾವೆಲ್ಲ ಹೂವಿನ ಚಿತ್ರದ ಮೇಲೆ ಬರೆದು ಕಳಿಸುವುದು ಸಮಾಧಾನದ ವಚನಗಳನ್ನು.

ಕೆಲಸ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಸ್ನಾನಿಕ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದ ಕತೆ ಲೂಕನ ಮೂರನೇ ಅಧ್ಯಾಯದಲ್ಲಿ ಬರುತ್ತದೆ. ಆ ಕಾಲದಲ್ಲಿ ಸುಂಕದವರೆಂದರೆ ಊರೇ ಉಗಿಯುತ್ತಿತ್ತು. ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂದ, ಅಷ್ಟೇ. ಕೇಳಲು ಸಣ್ಣ ಮಾತು. ಆದರೆ ಮರುದಿನ ಸುಂಕದ ಕಟ್ಟೆಗೆ ಹೋಗಿ, ಉಳಿದವರೆಲ್ಲ ಜಾಸ್ತಿ ತೆಗೆಯುವಾಗ ತಾನೊಬ್ಬ ಸರಿಯಾಗಿ ತೆಗೆಯುವುದಿದೆಯಲ್ಲ, ಅದು ಕೆಲಸ ಬಿಡುವುದಕ್ಕಿಂತ ಕಷ್ಟ.

ಹೇಗೆ ಹೇಳುವುದು? ದಾನಿಯೇಲನನ್ನು ನೋಡಿ. ಬಾಬಿಲೋನಿನ ಅರಮನೆಯಲ್ಲಿ ರಾಜನ ಊಟ ಬೇಡ ಅನ್ನಿಸಿದಾಗ ಅವನು ತಟ್ಟೆ ಎಸೆಯಲಿಲ್ಲ, ಭಾಷಣ ಮಾಡಲಿಲ್ಲ. ಮೇಲಧಿಕಾರಿಯ ಹತ್ತಿರ ಕೇಳಿಕೊಂಡ. ಆ ಅಧಿಕಾರಿ ತನ್ನ ತಲೆ ಹೋದೀತು ಅಂತ ಹೆದರಿದ. ಆಗ ದಾನಿಯೇಲ ಕೆಳಗಿನ ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಸೊಪ್ಪು ತರಕಾರಿ ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ ಅಂದ. ಎದುರಿಗಿದ್ದವನ ಹೆದರಿಕೆ ಏನು ಅಂತ ಅವನಿಗೆ ಅರ್ಥವಾಗಿತ್ತು, ಅದಕ್ಕೇ ಪರೀಕ್ಷೆಯ ದಾರಿ ಹಿಡಿದ. ನೀವೂ ಹಾಗೇ ಮಾಡಿ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ದಣಿಗಳಿಗೆ ಹೇಳಿ: "ಸ್ವಲ್ಪ ದಿನ ಖಾಲಿ ಗೋಣಿಯನ್ನೇ ತಕ್ಕಡಿಗೆ ಹಾಕಿ, ಬಂದಷ್ಟೇ ಕಳೆಯೋಣ. ರೈತರ ಎದುರಿಗೇ ತೂಗೋಣ. ಅಡಿಕೆ ಬರುವುದು ಹೆಚ್ಚಾಗ್ತದಾ ಕಮ್ಮಿ ಆಗ್ತದಾ ನೋಡೋಣ." ಇದು ವ್ಯಾಪಾರದ ಮಾತೂ ಹೌದು. ನಮ್ಮ ರೈತನಿಗೆ ನಿಮ್ಮ ಅಂಗಡಿ ಒಂದೇ ಗತಿ ಅಲ್ಲ. ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದಾಗ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಕ್ಯಾಂಪ್ಕೊ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರ ಸಹಕಾರಿ ಅದು. ಸರಿಯಾದ ತೂಕ, ಸರಿಯಾದ ದರ ಎಲ್ಲಿ ಸಿಗುತ್ತದೆ ಅಂತ ಅಂದಿನಿಂದ ರೈತ ಹೋಲಿಸಿ ನೋಡುತ್ತಾನೆ. ನಿಮ್ಮ ದಣಿಗಳಿಗೂ ಇದು ಗೊತ್ತು.

ಅವರು ಒಪ್ಪದೇ ಇರಬಹುದು. "ನೀನು ಬರೆಯೋದು ಬೇಡ, ನಾನೇ ಬರೀತೇನೆ" ಅನ್ನಬಹುದು. ಹಾಗಂದರೆ ಆ ದಿನದ ಮಟ್ಟಿಗೆ ಸಾಕು, ಜಗಳ ಬೇಡ. ಆದರೆ ಬೇರೆ ಕಡೆ ಕೆಲಸ ನೋಡಲು ಶುರು ಮಾಡಿ. ಮನೆಯಲ್ಲಿ ಮಕ್ಕಳ ಫೀಸು, ಸೊಸೈಟಿಯ ಸಾಲ ಎಲ್ಲ ಇರುವವನಿಗೆ ಈ ಮಾತು ಹಗುರವಲ್ಲ ಅಂತ ನನಗೆ ಗೊತ್ತು. ಅದಕ್ಕೇ "ನಾಳೆಯೇ ಬಿಡಿ" ಅನ್ನುತ್ತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸರಿಯಾಗಿ ತೂಗಿದ ತಕ್ಷಣ "ನಾನು ಕ್ರೈಸ್ತ, ಅದಕ್ಕೇ ಪ್ರಾಮಾಣಿಕ" ಅಂತ ಎದೆ ಮುಂದೆ ಮಾಡಬೇಡಿ. ಪ್ರಾಮಾಣಿಕತೆಗೆ ನಮ್ಮ ಇಗರ್ಜಿಯ (ಚರ್ಚಿನ) ಸೀಲು ಏನೂ ಇಲ್ಲ. ಕುಂಬಳೆಯಿಂದ ಮುಳ್ಳೇರಿಯ ಕಡೆಗೆ ಓಡುವ ಬಸ್ಸೊಂದರಲ್ಲಿ ಒಬ್ಬ ಕಂಡಕ್ಟರ್ ಇದ್ದರು. ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ಎಲ್ಲ ಕಂಡಕ್ಟರೂ ಬರೆಯುತ್ತಾರೆ, ನಾವು ಇಳಿಯುವ ಗಡಿಬಿಡಿಯಲ್ಲಿ ಮರೆತು ಹೋಗುತ್ತೇವೆ. ಇವರು ಮಾತ್ರ ನಿಮ್ಮ ಸ್ಟಾಪ್ ಬರುವ ಮೊದಲೇ ಜನರ ನಡುವೆ ನುಗ್ಗಿ ಬಂದು ಮೂರು ರೂಪಾಯಿ ಕೈಗೆ ಹಾಕುತ್ತಿದ್ದರು. ಅವರು ಮುಸ್ಲಿಂ. ನನ್ನ ಬೈಬಲ್ ಕ್ಲಾಸಿನ ಮಕ್ಕಳಿಗೆ "ಸ್ವಲ್ಪದರಲ್ಲಿ ನಂಬಿಗಸ್ತನಾಗಿರುವುದು" ಅಂದರೇನು ಅಂತ ತೋರಿಸಲು ನಾನು ಅವರ ಉದಾಹರಣೆಯನ್ನೇ ಕೊಡುತ್ತಿದ್ದೆ.

ಹಾಗಾದರೆ ಕ್ರೈಸ್ತನ ಗುರುತು ಅಂತ ಬೇರೆ ಏನೂ ಇಲ್ಲವಾ? ಇದೆ ಅಂತ ನನ್ನ ಅನಿಸಿಕೆ. ನಿಮಗಿಂತ ಕೆಳಗಿನ ಕೆಲಸದವನ ಹತ್ತಿರ ಕ್ಷಮೆ ಕೇಳುವುದು ಅದರಲ್ಲಿ ಒಂದು. ಲೋಡ್ ಹೊರುವವನಿಗೆ ನೀವು ಸಿಟ್ಟಿನಲ್ಲಿ ಏನೋ ಅಂದುಬಿಟ್ಟಿರಿ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ರೂಢಿ ಏನು? ಮರುದಿನ ಅವನಿಗೆ ಒಂದು ಚಾ ತೆಗೆಸಿಕೊಟ್ಟು ಸರಿ ಮಾಡಿಕೊಳ್ಳುವುದು. ಬಾಯಲ್ಲಿ ಮಾತ್ರ ಹೇಳುವುದಿಲ್ಲ. ನೀವು ಹೇಳಿ. ನಾಲ್ಕು ಜನರೆದುರು ಬೈದಿದ್ದರೆ ಆ ನಾಲ್ಕು ಜನರೆದುರೇ "ನಿನ್ನೆ ನಾನು ಹಾಗೆ ಹೇಳಬಾರದಿತ್ತು" ಅನ್ನಿ. ಶಿಲುಬೆಗಿಂತ ಜಾಸ್ತಿ ಇದು ಅವರ ನೆನಪಿನಲ್ಲಿ ಉಳಿಯುತ್ತದೆ.

ಈಗ ಶಿಲುಬೆಗೆ ಬರೋಣ. ನಂಬಿಕೆ ಕಣ್ಣಿಗೆ ಕಾಣುವುದರ ಬಗ್ಗೆ ನೀವು ಸುಮ್ನೆ ಜಾಸ್ತಿ ಹೆದರಿದ್ದೀರಿ. ನಮ್ಮ ಕಾಸರಗೋಡಿನಲ್ಲಿ ನಂಬಿಕೆಯನ್ನು ಯಾರೂ ಮುಚ್ಚಿಡುವುದಿಲ್ಲ. ವೃಶ್ಚಿಕ ಮಾಸ ಬಂತೆಂದರೆ ನಿಮ್ಮ ಅಂಗಡಿಯಲ್ಲೇ ಒಬ್ಬರಿಬ್ಬರು ಮಾಲೆ ಹಾಕಿ ಕಪ್ಪು ಬಟ್ಟೆ ಉಟ್ಟು ಬರುತ್ತಾರೆ. 41 ದಿನ ಅವರನ್ನು ಎಲ್ಲರೂ "ಸ್ವಾಮಿ" ಅಂತಲೇ ಕರೆಯುತ್ತಾರೆ, ದಣಿಗಳೂ ಕೂಡ. ಶುಕ್ರವಾರ ಮಧ್ಯಾಹ್ನ ಜುಮಾಕ್ಕೆ ಹೋಗುವವರಿಗೆ ಯಾರಾದರೂ ಅಡ್ಡ ಮಾತಾಡುತ್ತಾರಾ? ರಂಝಾನಿನಲ್ಲಿ ಉಪವಾಸ ಇರುವವರ ಎದುರು ನೀರು ಕುಡಿಯಲು ನಮಗೇ ಸಂಕೋಚವಾಗುತ್ತದೆ. ನೀವು ಬೂದಿ ಬುಧವಾರ ಹಣೆಯಲ್ಲಿ ಬೂದಿ ಹಚ್ಚಿಕೊಂಡು ಅಂಗಡಿಗೆ ಹೋದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. "ಇವತ್ತೇನು?" ಅಂತ ಕೇಳಿಯಾರು. "ನಮ್ಮ ತಪಸ್ಸು ಕಾಲ ಶುರುವಾಯ್ತು, ಈಸ್ಟರ್‌ವರೆಗೆ" ಅಂದರೆ ಮುಗಿಯಿತು.

ತಮಾಷೆ ಏನು ಗೊತ್ತಾ? ಅದೇ ಬೂದಿ ಬುಧವಾರದ ಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನ ಆರನೇ ಅಧ್ಯಾಯದ್ದು. ಜನರಿಗೆ ಕಾಣಲಿ ಅಂತ ಧರ್ಮಕಾರ್ಯ ಮಾಡಬೇಡಿ, ಉಪವಾಸ ಇರುವಾಗ ಮುಖ ತೊಳೆದುಕೊಳ್ಳಿ ಅಂತ ಯೇಸು ಹೇಳುವ ಭಾಗ. ಅದನ್ನು ಕೇಳಿಸಿಕೊಂಡು ಎದ್ದು ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಒಂದು ಅಧ್ಯಾಯ ಹಿಂದೆ ಹೋದರೆ ಅದೇ ಯೇಸು, ದೀಪ ಹಚ್ಚಿ ಕೊಳಗದ ಕೆಳಗೆ ಇಡುವುದಿಲ್ಲ, ನಿಮ್ಮ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಅಂದಿದ್ದಾನೆ. ಎರಡೂ ಒಂದೇ ಬೆಟ್ಟದ ಪ್ರಸಂಗದಲ್ಲಿವೆ. ಕಾಣಬೇಕಾ, ಕಾಣಬಾರದಾ? ಬೇರೆಯವರಿಗೆ ಉಪಯೋಗಕ್ಕೆ ಬರುವ ಕೆಲಸ ಕಾಣಲಿ, ನನ್ನ ಭಕ್ತಿ ಎಷ್ಟು ಅನ್ನುವ ಲೆಕ್ಕ ದೇವರಿಗೆ ಮಾತ್ರ ಕಾಣಲಿ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ.

ಇದರಿಂದ ನಿಮಗೆ ಒಂದು ಸುಲಭದ ಅಳತೆ ಸಿಗುತ್ತದೆ. ಮನೆಯಲ್ಲಿ ಮಾಡದ್ದನ್ನು ಅಂಗಡಿಯಲ್ಲಿ ಹೊಸದಾಗಿ ಶುರು ಮಾಡಬೇಡಿ. ಮನೆಯಲ್ಲಿ ಊಟಕ್ಕೆ ಮೊದಲು ಶಿಲುಬೆಯ ಗುರುತು ಹಾಕುವ ಅಭ್ಯಾಸ ಉಂಟಾ? ಹಾಗಾದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚುವಾಗಲೂ ಹಾಕಿ, ಮೇಜಿನ ಕೆಳಗೆ ಬೆರಳಾಡಿಸುವುದು ಬೇಡ. ಮನೆಯಲ್ಲಿ ಇಲ್ಲ ಅಂತಾದರೆ ಮೊದಲು ಮನೆಯಲ್ಲಿ ಶುರುವಾಗಲಿ. ಶುಕ್ರವಾರ ಮಾಂಸ ಬಿಡುವವರಾದರೆ, ಯಾರಾದರೂ ಬಿರಿಯಾನಿ ತೆಗೆಸಿದಾಗ "ಇವತ್ತು ಶುಕ್ರವಾರ, ನನಗೆ ಮೀನು ಸಾಕು" ಅನ್ನಿ. ಅಷ್ಟು ಹೇಳಿದರೆ ಸಾಕು, ತಪಸ್ಸು ಕಾಲದ ಇತಿಹಾಸ ಯಾರೂ ಕೇಳಿಲ್ಲ. ಮೇಜಿನ ಮೇಲಿನ ಶಿಲುಬೆ ನಿಮ್ಮ ಪ್ರಾರ್ಥನೆಗೆ ಅಂತಾದರೆ ನಿಮ್ಮ ಕಡೆಗೆ ಮುಖ ಮಾಡಿ ಇರಲಿ. ಗಲ್ಲಾಪೆಟ್ಟಿಗೆಯ ಮೇಲೆ ಗಣಪತಿಯ ಪಟ ಇರುವ ಅಂಗಡಿಯಲ್ಲಿ ನಿಮ್ಮ ಸಣ್ಣ ಶಿಲುಬೆಗೆ ಆಕ್ಷೇಪ ಬರಲಾರದು. ಬಂದರೆ ಕಿಸೆಯಲ್ಲಿ ಜಪಸರ ಇಟ್ಟುಕೊಳ್ಳಿ. ಇದರ ಮೇಲೆ ಹಟ ಬೇಡ.

ವಾಟ್ಸಾಪಿನ ವಿಷಯದಲ್ಲಿ ನಿಮ್ಮ ದಣಿಗಳು ಹೇಳಿದ್ದು ಸರಿ. ಆ ಗ್ರೂಪು ಇರುವುದು ಇವತ್ತಿನ ರೇಟು ಎಷ್ಟು, ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ಯಾರು ರಜೆ ಅಂತ ತಿಳಿಸಲಿಕ್ಕೆ. ಅಲ್ಲಿಂದ ಯಾರೂ ಎದ್ದು ಹೋಗುವ ಹಾಗಿಲ್ಲ. ಬಿಟ್ಟು ಹೋಗಲಾರದವರಿಗೆ ದಿನಾ ಬೆಳಿಗ್ಗೆ ಉಪದೇಶ ಕಳಿಸುವುದು ಸಾಕ್ಷಿಯಲ್ಲ, ಉಪದ್ರ. ಬೇರೆ ಧರ್ಮದವರು ದಿನಾ ಕಳಿಸಿದ್ದರೆ ನಿಮಗೂ ಹಾಗೇ ಅನ್ನಿಸುತ್ತಿತ್ತು ಅಲ್ವಾ?

"ಮತಾಂತರ ಶುರುವಾಯ್ತಾ" ಅನ್ನುವ ಮಾತು ಚುಚ್ಚಿದೆ, ಅದು ಅರ್ಥವಾಗುತ್ತದೆ. ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಲಿ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅನ್ನುವ ಮಿತಿಗಳೂ ಅದರಲ್ಲೇ ಇವೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿತು. ಆದರೆ ಇದನ್ನೆಲ್ಲ ಅಂಗಡಿಯಲ್ಲಿ ವಾದಕ್ಕೆ ಇಳಿಸಬೇಡಿ. ಆ ಮಾತು ಬರೆದವರ ಹತ್ತಿರ ಹೋಗಿ "ನಿಮಗೆ ಬೇಜಾರಾಯ್ತು ಅಂತ ಗೊತ್ತಾಯ್ತು, ಇನ್ನು ಹಾಕುವುದಿಲ್ಲ" ಅಂದುಬಿಡಿ. ನಿಮ್ಮ ಹಕ್ಕು ಅದರಿಂದ ಸವೆಯುವುದಿಲ್ಲ.

ಹಾಗಾದರೆ ಬಾಯಿ ಬಿಡುವುದೇ ಬೇಡವಾ? "ಸದಾ ಶುಭಸಂದೇಶ ಸಾರಿರಿ, ಬೇಕಾದರೆ ಮಾತ್ರ ಮಾತು ಬಳಸಿ" ಅನ್ನುವ ಮಾತನ್ನು ಅಸಿಸಿಯ ಸಂತ ಫ್ರಾನ್ಸಿಸರ ಹೆಸರಲ್ಲಿ ಎಲ್ಲರೂ ಹೇಳುತ್ತಾರೆ. ಅವರ ಬರಹಗಳಲ್ಲಿ ಆ ವಾಕ್ಯ ಇಲ್ಲ. ಅವರು ನಿಜವಾಗಿ ಬರೆದದ್ದು ಅದಕ್ಕಿಂತ ಚೆನ್ನಾಗಿದೆ. 1219ರಲ್ಲಿ, ಕ್ರೈಸ್ತರಿಗೂ ಮುಸ್ಲಿಮರಿಗೂ ಧರ್ಮಯುದ್ಧ (ಕ್ರುಸೇಡ್) ನಡೆಯುತ್ತಿದ್ದಾಗಲೇ, ಅವರು ಈಜಿಪ್ಟಿಗೆ ಹೋಗಿ ಸುಲ್ತಾನ್ ಅಲ್ ಕಾಮಿಲನನ್ನು ಕಂಡು ಬಂದವರು. 1221ರಲ್ಲಿ ಸಂಗಡಿಗರಿಗೆ ಬರೆದ ನಿಯಮಗಳಲ್ಲಿ, ಮುಸ್ಲಿಮರ ನಡುವೆ ಹೋಗುವವರಿಗೆ ಎರಡು ದಾರಿ ಉಂಟು ಅಂದರು. ಒಂದು, ವಾದ ಜಗಳ ಮಾಡದೆ, ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರು ಅಂತ ಮಾತ್ರ ಮುಚ್ಚಿಡದೆ ಹೇಳುವುದು. ಇನ್ನೊಂದು, ದೇವರಿಗೆ ಮೆಚ್ಚುಗೆ ಅಂತ ಕಂಡಾಗ ದೇವರ ವಾಕ್ಯವನ್ನು ಸಾರುವುದು. ಕ್ರಮ ನೋಡಿ. ತಗ್ಗಿ ನಡೆಯುವುದು ಮೊದಲು. ಹೆಸರು ಮುಚ್ಚಿಡುವುದಂತೂ ಇಲ್ಲವೇ ಇಲ್ಲ. ಎಂಟು ನೂರು ವರ್ಷ ಕಳೆದರೂ ಬದಿಯಡ್ಕದ ಅಡಿಕೆ ಅಂಗಡಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ.

ಬಾಯಿ ಬಿಡುವ ಹೊತ್ತು ಯಾವಾಗ ಬರುತ್ತದೆ? ಸಾಧಾರಣವಾಗಿ ಯಾರದ್ದಾದರೂ ಮನೆಯಲ್ಲಿ ಕಷ್ಟ ಬಂದಾಗ. ತಿರುವಾಂಕೂರಿನ ಒಂದು ಘಟನೆ ಉಂಟು. 1741ರ ಕೊಳಚ್ಚಲ್ ಯುದ್ಧದಲ್ಲಿ ಡಚ್ಚರ ಕಡೆಯ ಡಿ ಲನೋಯ್ ಅನ್ನುವವನು ಮಾರ್ತಾಂಡ ವರ್ಮನ ಕೈಗೆ ಸಿಕ್ಕಿಬಿದ್ದ. ಆಮೇಲೆ ಅದೇ ರಾಜನ ಸೇನೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಅರಮನೆಯ ಅಧಿಕಾರಿ ನೀಲಕಂಠ ಪಿಳ್ಳೆಯ ಪರಿಚಯವಾಯಿತು. ಇಬ್ಬರೂ ಒಂದೇ ರಾಜನ ಕೆಲಸದವರು. ಒಂದು ಕಾಲದಲ್ಲಿ ಪಿಳ್ಳೆಯ ಮನೆಯಲ್ಲಿ ನಷ್ಟದ ಮೇಲೆ ನಷ್ಟ ಬಂತು. ಅವನ ಮುಖ ಬಾಡಿದ್ದನ್ನು ಕಂಡು ಡಿ ಲನೋಯ್ ಏನಾಯ್ತು ಅಂತ ಕೇಳಿದ, ಎಲ್ಲವನ್ನೂ ಕಳೆದುಕೊಂಡ ಯೋಬನ ಕತೆ ಹೇಳಿದ ಅಂತ ಸಂಪ್ರದಾಯ ಹೇಳುತ್ತದೆ. ಪಿಳ್ಳೆ 1745ರಲ್ಲಿ ದೀಕ್ಷಾಸ್ನಾನ ಪಡೆದ, ದೇವಸಹಾಯಂ ಅನ್ನುವ ಹೆಸರು ಬಂತು. 1752ರಲ್ಲಿ ಅವನನ್ನು ಕೊಂದರು. 2022ರ ಮೇ 15ರಂದು ರೋಮಿನಲ್ಲಿ ಅವನನ್ನು ಸಂತ ಅಂತ ಘೋಷಿಸಿದರು. ಭಾರತದ ಗೃಹಸ್ಥರಲ್ಲಿ ಮೊದಲ ಸಂತ. ಇದನ್ನು ನಮ್ಮ ಕೂಟಗಳಲ್ಲಿ ರಕ್ತಸಾಕ್ಷಿಯ ಕತೆ ಅಂತ ಹೇಳುತ್ತಾರೆ. ನನಗೆ ಇಷ್ಟವಾಗುವುದು ಅದರ ಶುರು. ಜೊತೆಗೆ ಕೆಲಸ ಮಾಡುವವನ ಮುಖ ನೋಡಿ "ಏನಾಯ್ತು?" ಅಂತ ಒಬ್ಬ ಕೇಳಿದ. ಕತೆ ಹೇಳಿದ್ದು ಆಮೇಲೆ.

ನಿಮ್ಮ ಅಂಗಡಿಯಲ್ಲೂ ಆ ದಿನ ಬರುತ್ತದೆ. ಯಾರದ್ದೋ ತಾಯಿಯನ್ನು ದೇರಳಕಟ್ಟೆಗೋ ಮಂಗಳೂರಿಗೋ ಕರೆದೊಯ್ದಿರುತ್ತಾರೆ. ನಮ್ಮ ಜೀವ ಎಷ್ಟರ ಮಟ್ಟಿಗೆ ಆ ಕಡೆಯ ಆಸ್ಪತ್ರೆಗಳನ್ನು ನಂಬಿದೆ ಅಂತ 2020ರಲ್ಲಿ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿದಾಗ ಇಡೀ ಜಿಲ್ಲೆಗೆ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಮೊದಲು ಅವರ ಪಾಲಿನ ಕೆಲಸ ನೀವು ಮಾಡಿ. ರಕ್ತ ಬೇಕಿದ್ದರೆ ಬಸ್ಸು ಹತ್ತಿ. ಆಮೇಲೆ, ಅವರು ಬೇಡ ಅನ್ನಲು ಜಾಗ ಇರುವ ಹಾಗೆ, "ಅಮ್ಮನಿಗಾಗಿ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿ. ನಮ್ಮ ಊರಿನಲ್ಲಿ ಬೇಡ ಅನ್ನುವವರು ಕಮ್ಮಿ. ಹೂಂ ಅಂದರೆ ಮನೆಗೆ ಹೋಗಿ ನಿಜವಾಗಿ ಪ್ರಾರ್ಥಿಸಿ. ಆದರೆ "ಯೇಸುವನ್ನು ನಂಬಿದರೆ ಗುಣ ಆಗ್ತದೆ" ಅಂತ ಮಾತ್ರ ಹೇಳಬೇಡಿ. ಹಾಗೆ ಭರವಸೆ ಕೊಡಲು ನಿಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಸಂಕಟದಲ್ಲಿರುವವರ ಎದುರು ಅದು ಒಂದು ರೀತಿಯ ವ್ಯಾಪಾರ. ಮುಂದೆ ಎಂದಾದರೂ ಅವರೇ "ನಿಮಗೆ ಇಷ್ಟು ಸಮಾಧಾನ ಎಲ್ಲಿಂದ?" ಅಂತ ಕೇಳಿದರೆ ನುಣುಚಿಕೊಳ್ಳಬೇಡಿ, ಹೇಳಿ. ನಿಮ್ಮಲ್ಲಿರುವ ಭರವಸೆಯ ಬಗ್ಗೆ ಕೇಳಿದವರಿಗೆ ಉತ್ತರ ಕೊಡಲು ತಯಾರಿರಿ, ಸೌಮ್ಯವಾಗಿ, ಮರ್ಯಾದೆಯಿಂದ ಅಂತ ಪೇತ್ರನ ಮೊದಲ ಪತ್ರ ಹೇಳುತ್ತದೆ. "ಕೇಳಿದವರಿಗೆ" ಅನ್ನುವುದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ.

ಕುಡಿತದ ಜೋಕು, "ನಿಮ್ಮಲ್ಲಿ ಎಲ್ಲ ನಡೀತದೆ ಬಿಡಿ" ಅನ್ನುವ ಮಾತು ನೀವು ಬರೆದಿಲ್ಲ, ಆದರೆ ಖಂಡಿತ ಕೇಳಿರುತ್ತೀರಿ. ನಗುವಂಥದ್ದಾದರೆ ನಕ್ಕುಬಿಡಿ. ಕ್ರಿಸ್ಮಸ್ಸಿಗೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬ ತೆಗೆದುಕೊಂಡು ಹೋಗಿ. ನೆವ್ರಿ, ಕಿಡಿಯೊ ಎಲ್ಲ ಹಾಕಿ "ಬಾಟ್ಲಿ ಇಲ್ಲ, ಇದು ಉಂಟು" ಅನ್ನಿ. ಗುಡ್ ಫ್ರೈಡೇ ದಿನ ಯಾರಾದರೂ "ಹ್ಯಾಪಿ ಗುಡ್ ಫ್ರೈಡೇ" ಅಂದರೆ ಮುಖ ಸಿಂಡರಿಸಬೇಡಿ. ಅವರು ಪ್ರೀತಿಯಿಂದಲೇ ಹೇಳಿದ್ದು. "ಇವತ್ತು ನಮಗೆ ದುಃಖದ ದಿನ, ಯೇಸು ತೀರಿಕೊಂಡ ದಿನ. ಭಾನುವಾರ ಹೇಳಿ, ಆವಾಗ ಹಬ್ಬ" ಅಂದರೆ ಎರಡು ವಾಕ್ಯದಲ್ಲಿ ಇಡೀ ಶುಭಸಂದೇಶ ಹೇಳಿದ ಹಾಗಾಯಿತು. ರಜೆಯ ವಿಷಯದಲ್ಲೂ ಒಂದು ಮಾತು. ಕೇರಳ ಸರಕಾರ ಗುಡ್ ಫ್ರೈಡೇ ಜೊತೆ ಹಿಂದಿನ ಗುರುವಾರವೂ ರಜೆ ಕೊಡುತ್ತದೆ, ಆದರೆ ಖಾಸಗಿ ಅಂಗಡಿಗೆ ಅದು ಅನ್ವಯಿಸಬೇಕೆಂದಿಲ್ಲ. ನೀವು ರಜೆ ಕೇಳುವ ಮೊದಲು ಬಿಸು (ವಿಷು) ದಿನ, ಪೆರ್ನಾಲ್ (ಈದ್) ದಿನ "ನಾನು ಬರ್ತೇನೆ, ನೀವು ಮನೆಯಲ್ಲಿರಿ" ಅಂದಿದ್ದರೆ ಆ ಎರಡು ದಿನ ತಾನಾಗಿ ಸಿಗುತ್ತದೆ.

ಇನ್ನು ಅಂಗಡಿ ಪೂಜೆ. ನಿಮ್ಮ ನಿದ್ದೆ ಕೆಡಿಸಿದ್ದು ಇದೇ ಅಲ್ವಾ? ಮೊದಲನೆಯದಾಗಿ, ಹೋದ ವರ್ಷ ಗಡಿಬಿಡಿಯಲ್ಲಿ ಆರತಿ ಎತ್ತಿದ್ದಕ್ಕೆ ಕೊರಗುವುದು ಬಿಡಿ. ಮನಸ್ಸಿಗೆ ಭಾರ ಇದ್ದರೆ ಪಾಪನಿವೇದನೆ ಮಾಡಿ, ಮುಗಿಸಿ. ಎರಡನೇ ಅರಸುಗಳ ಪುಸ್ತಕದ ಐದನೇ ಅಧ್ಯಾಯದಲ್ಲಿ ಸಿರಿಯಾದ ಸೇನಾಪತಿ ನಾಮಾನ ಬರುತ್ತಾನೆ. ಕುಷ್ಠ ವಾಸಿಯಾದ ಮೇಲೆ ಇಸ್ರಾಯೇಲರ ದೇವರೊಬ್ಬನೇ ದೇವರು ಅಂತ ನಂಬಿದವನು. ಊರಿಗೆ ಹೊರಡುವಾಗ ಎಲೀಷನ ಹತ್ತಿರ ಒಂದು ಸಂಕಟ ತೋಡಿಕೊಂಡ. ನನ್ನ ದಣಿ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಊರಿಕೊಳ್ಳುತ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ದೇವರು ಇದೊಂದನ್ನು ಕ್ಷಮಿಸಲಿ ಅಂದ. ಎಲೀಷ ಬೈಯಲಿಲ್ಲ. ಸಮಾಧಾನದಿಂದ ಹೋಗು ಅಂದ. ಬೈಬಲಿನಲ್ಲಿ ಕೆಲಸದ ಜಾಗದ ಇಕ್ಕಟ್ಟನ್ನು ಇಷ್ಟು ಮೃದುವಾಗಿ ನೋಡಿದ ಜಾಗ ಇನ್ನೊಂದು ನನಗೆ ಕಂಡಿಲ್ಲ.

ಹಾಗಂತ ಈ ವರ್ಷವೂ ಆರತಿ ಎತ್ತಿ ಅಂತ ಅರ್ಥವಲ್ಲ. ನನ್ನ ಅಭಿಪ್ರಾಯ ಹೀಗೆ. ಪೂಜೆಗೆ ಹೋಗಿ. ಹಿಂದಿನ ದಿನ ಅಂಗಡಿ ಗುಡಿಸಿ ತೊಳೆಯುವುದಕ್ಕೆ, ಬಲೆ ತೆಗೆಯುವುದಕ್ಕೆ, ತೋರಣ ಕಟ್ಟುವುದಕ್ಕೆ ಕೈ ಹಾಕಿ. ಪೂಜೆಯ ಹೊತ್ತಿಗೆ ಉಳಿದವರ ಜೊತೆ ಮರ್ಯಾದೆಯಿಂದ ನಿಂತುಕೊಳ್ಳಿ. ಆರತಿ ಎತ್ತುವುದು, ಮಂತ್ರ ಹೇಳುವುದು ಬೇಡ. ನಿಂತಿರುವುದಕ್ಕೂ ಪೂಜೆ ಮಾಡುವುದಕ್ಕೂ ವ್ಯತ್ಯಾಸ ಉಂಟು ಅಂತ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಇಗರ್ಜಿಯಲ್ಲಿ ನಡೆಯುವ ಮದುವೆಗೆ ಬಂದ ನಿಮ್ಮ ಹಿಂದೂ ಗೆಳೆಯರು ಎದ್ದು ನಿಲ್ಲುತ್ತಾರೆ, ಪೂಜೆಯಲ್ಲಿ ರೊಟ್ಟಿಯ ರೂಪದಲ್ಲಿ ಕೊಡುವ ಪರಮಪ್ರಸಾದದ ಸಾಲಿಗೆ ಬರುವುದಿಲ್ಲ. ಯಾರಿಗಾದರೂ ಅವಮಾನ ಆಗುತ್ತದಾ? ಕೇರಳದ್ದೇ ಒಂದು ಪ್ರಕರಣ ಕೂಡ ಉಂಟು. ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಮರ್ಯಾದೆಯಿಂದ ನಿಂತಿದ್ದರಲ್ಲ, ಅಷ್ಟು ಸಾಕು ಅನ್ನುವುದು ಅದರ ತಿರುಳು. ಆ ಪಂಥಕ್ಕೂ ನಮಗೂ ಬೋಧನೆಯಲ್ಲಿ ತುಂಬ ದೂರ. ಆದರೆ ನಿಲ್ಲುವ ರೀತಿಯನ್ನು ಆ ಮಕ್ಕಳಿಂದ ಕಲಿಯಬಹುದು.

ಪ್ರಸಾದದ ವಿಷಯಕ್ಕೆ ಬಂದರೆ ನಮ್ಮವರಲ್ಲೇ ಎರಡು ಅಭಿಪ್ರಾಯ ಉಂಟು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ಓದಿ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಕೇಳದೆ ತಿನ್ನಿ, ಆದರೆ ಇದು ನೈವೇದ್ಯದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗೋಸ್ಕರ ಬಿಡಿ ಅನ್ನುತ್ತಾನೆ. ಪೂಜೆಯಾದ ಮೇಲೆ ಹಂಚುವ ಲಾಡು ಜಿಲೇಬಿ ಡಬ್ಬ ಬೇರೆ, ಎಲೆಯಲ್ಲಿ ಕೊಡುವ ಪ್ರಸಾದ ಬೇರೆ. ಮೊದಲನೆಯದನ್ನು ತಿನ್ನಲು ತೊಂದರೆ ಏನೂ ಕಾಣುವುದಿಲ್ಲ. ಎರಡನೆಯದಕ್ಕೆ ನಿಮ್ಮ ಮನಸ್ಸು ಒಪ್ಪದಿದ್ದರೆ ದಣಿಗಳಿಗೆ ಮೊದಲೇ ಹೇಳಿರಿ. ಕೊಡುವ ಕೈ ಮುಂದೆ ಬಂದ ಮೇಲೆ ನಾಲ್ಕು ಜನರೆದುರು ಕೈ ಹಿಂದಕ್ಕೆ ಎಳೆದುಕೊಳ್ಳುವುದು ಸಾಕ್ಷಿಯಲ್ಲ, ಒರಟುತನ. ತೆಗೆದುಕೊಳ್ಳುವ ಕ್ರೈಸ್ತನನ್ನು ಕಂಡು "ಇವನಿಗೆ ನಂಬಿಕೆ ಇಲ್ಲ" ಅಂತ ತೀರ್ಪು ಕೊಡಲೂ ಹೋಗಬೇಡಿ. ತಿನ್ನುವವನು, ತಿನ್ನದವನು ಒಬ್ಬರನ್ನೊಬ್ಬರು ಹೀನಾಯ ಮಾಡಬಾರದು ಅಂತ ಅದೇ ಪೌಲ ರೋಮಿನವರಿಗೆ ಬರೆದಿದ್ದಾನೆ.

ದಣಿಗಳ ಹತ್ತಿರ ಒಟ್ಟು ಎರಡು ಮಾತು ಆಡಲಿಕ್ಕುಂಟು, ಗೋಣಿಯದ್ದು ಮತ್ತು ಪೂಜೆಯದ್ದು. ಎರಡನ್ನೂ ಒಂದೇ ದಿನ ಆಡಬೇಡಿ. ಗೋಣಿಯದ್ದು ಮೊದಲು ಆಗಲಿ, ಈ ವಾರವೇ. ಆಗ ಬೈಬಲಿನ ಹೆಸರು ಎತ್ತಬೇಡಿ, ರೈತನ ಹೆಸರು ಎತ್ತಿ. ಇಲ್ಲದಿದ್ದರೆ "ಇವನ ಧರ್ಮದ ಕಿರಿಕಿರಿ" ಅಂತ ಬದಿಗೆ ತಳ್ಳಿಬಿಡುತ್ತಾರೆ. ಪೂಜೆಯ ಮಾತಿಗೆ ದೀಪಾವಳಿಗೆ ಒಂದು ವಾರ ಮೊದಲು ಹೋದರೆ ಸಾಕು. "ದಣಿಗಳೇ, ಪೂಜೆಗೆ ನಾನು ಖಂಡಿತ ಬರ್ತೇನೆ, ಕೆಲಸಕ್ಕೂ ಇರ್ತೇನೆ. ಆರತಿ ಮಾತ್ರ ನನ್ನ ಕೈಗೆ ಕೊಡ್ಬೇಡಿ, ನಮ್ಮಲ್ಲಿ ಕ್ರಮ ಬೇರೆ" ಅನ್ನಿ. ಗೋಣಿಯ ವಿಷಯದಲ್ಲಿ ಅವರು ಏನಂದರು ಅಂತ ಬರೆಯಿರಿ. ಬೇರೆ ಕೆಲಸ ಹುಡುಕಬೇಕಾಗಿ ಬಂದರೆ ಅದನ್ನೂ ಬರೆಯಿರಿ. ಇಗರ್ಜಿಯಲ್ಲಿ ನಿಮ್ಮ ವಾರ್ಡಿನ ಮುಖಂಡರಾದ ಗುರಿಕಾರರಿಗೂ ಒಂದು ಮಾತು ತಿಳಿಸಿಟ್ಟಿರಿ, ಲೆಕ್ಕ ಬರೆಯುವವರು ಬೇಕು ಅಂತ ಕೇಳುವವರು ಅವರ ಹತ್ತಿರ ಬರುತ್ತಲೇ ಇರುತ್ತಾರೆ.